ಬೋಟು ಹತ್ತಿದ ಕ್ಯಾನುಗಳು

ಬೋಳಾರದ ಹರಿಣಾಕ್ಷಿಯ ಮೂಗಿನ ಬಗ್ಗೆ ಒಂದು ಕಾಲದಲ್ಲಿ ಮೀನು ಇಳಿಸುವ ಇಡೀ ದಕ್ಕೆಗೆ ಗೊತ್ತಿತ್ತು. ಅವಳ ತಾಯಿ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದವಳು. ಬಂದರಿನಲ್ಲಿ ರಾಶಿ ಹಾಕಿದ ಬಂಗುಡೆಯ ಮುಂದೆ ಮಗಳನ್ನು ನಿಲ್ಲಿಸಿ, "ಇದು ಇವತ್ತಿನದ್ದಾ, ನಿನ್ನೆಯದ್ದಾ?" ಎಂದು ಕೇಳುವಳು. ಏಳು ವರ್ಷದ ಹುಡುಗಿ ಮೀನಿನ ಕಿವಿರು ಬಿಡಿಸಿಯೂ ನೋಡುತ್ತಿರಲಿಲ್ಲ. ಬಗ್ಗಿ ಒಮ್ಮೆ ಉಸಿರೆಳೆದು ಹೇಳಿಬಿಡುವಳು. ಮಂಜುಗಡ್ಡೆ ಹಾಕಿ ಹಳೆಯ ಮೀನನ್ನು ಹೊಸದೆಂದು ತೋರಿಸುವವರು ಅವಳನ್ನು ಕಂಡರೆ ಮುಖ ಸಿಂಡರಿಸುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ಅವಳು ಬುಟ್ಟಿ ಹೊರಲಿಲ್ಲ. ಜೆಪ್ಪುವಿನ ಒಂದು ಖಾಸಗಿ ಲ್ಯಾಬಿನಲ್ಲಿ ಅಟೆಂಡರ್ ಆಗಿ ಸೇರಿದಳು. ಅಣ್ಣ ದೂಮಪ್ಪನಿಗೆ ಅದು ಆಗಲೇ ಹಿಡಿಸಿರಲಿಲ್ಲ. ಬೋಟು ನಡೆಸುವ ತಾಂಡೇಲನ ತಂಗಿ ಯಾರ್‍ಯಾರದೋ ಗಡ್ಡೆಯ ತುಂಡು ಬಾಚುವುದೇ ಎಂದು ಹದಿನೆಂಟು ವರ್ಷ ಅಂದುಕೊಂಡೇ ಬಂದ. ಆಪರೇಶನ್ನಿನಲ್ಲಿ ತೆಗೆದ ತುಂಡುಗಳು ಆಸ್ಪತ್ರೆಗಳಿಂದ ಆ ಲ್ಯಾಬಿಗೆ ಪರೀಕ್ಷೆಗೆ ಬರುತ್ತವೆ. ಕೊಳೆಯದಿರಲೆಂದು ಅವುಗಳನ್ನು ಫಾರ್ಮಾಲಿನ್ ಎಂಬ ನೀರಿನಂತೆಯೇ ಕಾಣುವ ವಿಷದಲ್ಲಿ ಮುಳುಗಿಸಿಡುತ್ತಾರೆ. ಪರೀಕ್ಷೆ ಮುಗಿದದ್ದನ್ನು ಹಳದಿ ಚೀಲಕ್ಕೆ, ಸೂಜಿ ಬ್ಲೇಡುಗಳನ್ನು ಗಟ್ಟಿ ಬಿಳಿ ಡಬ್ಬಿಗೆ, ಗಾಜನ್ನು ನೀಲಿ ಪೆಟ್ಟಿಗೆಗೆ ಹಾಕಿ, ಬೆಳಿಗ್ಗೆ ಬರುವ ಆಸ್ಪತ್ರೆ ಕಸದ ವ್ಯಾನಿಗೆ ಒಪ್ಪಿಸುವುದು ಹರಿಣಾಕ್ಷಿಯ ಕೆಲಸ. ಮಂಗಳಾದೇವಿಗೆ ಕೈಮುಗಿದು ಬಂದು, ಕೈಗೆ ಗವಸು ಹಾಕಿ, ಒಂದು ಚೀಲವೂ ಸೋರದ ಹಾಗೆ ಗಂಟು ಬಿಗಿಯುತ್ತಿದ್ದಳು.

ಫಾರ್ಮಾಲಿನ್ ಬರುತ್ತಿದ್ದ ದೊಡ್ಡ ಬಿಳಿ ಕ್ಯಾನುಗಳ ವಿಷಯದಲ್ಲಿ ಮಾತ್ರ ಅವಳು ಮ್ಯಾನೇಜರ್ ಚಿತ್ತರಂಜನರ ಮಾತನ್ನು ನಂಬಿದಳು. ಹೋಟೆಲ್ ನಡೆಸಿ ಕೈಸುಟ್ಟುಕೊಂಡು ಲ್ಯಾಬಿಗೆ ಬಂದ ಮನುಷ್ಯ ಅವರು. "ಇಷ್ಟು ಗಟ್ಟಿ ಕ್ಯಾನು ಬಿಸಾಡುವುದೆಂತಕ್ಕೆ? ಬೇಕಾದವರು ಕೊಂಡುಹೋಗಿ. ವ್ಯಾನಿಗೆ ಕೊಟ್ಟದ್ದು ಅಂತ ರಿಜಿಸ್ಟರಿನಲ್ಲಿ ಸಹಿ ಹಾಕಿದರೆ ಆಯ್ತು" ಎನ್ನುವರು. ಅವಳು ಸಹಿ ಹಾಕುತ್ತಿದ್ದಳು.

ಜುಲೈ ಕೊನೆಗೆ, ಮೀನುಗಾರಿಕೆಯ ರಜೆ ಮುಗಿಯುವ ಹೊತ್ತಿಗೆ, ದೂಮಪ್ಪ ಅವಳ ಮನೆ ಬಾಗಿಲಿಗೆ ಬಂದು ನಿಂತ. ಒಳಗೆ ಕಾಲಿಡಲಿಲ್ಲ.

"ಬೋಟಿನ ನೀರಿನ ಕ್ಯಾನೆಲ್ಲ ಒಡೆದುಹೋಗಿವೆ. ನಿನ್ನ ಹೆಣದ ಲ್ಯಾಬಿನಿಂದ ನಮಗೊಂದು ಪ್ರಯೋಜನ ಆಗಲಿ ಮಾರಾಯ್ತಿ" ಎಂದ.

ಹದಿನೆಂಟು ವರ್ಷದಲ್ಲಿ ಅಣ್ಣ ಕೇಳಿದ ಮೊದಲ ವಸ್ತು ಅದು. ಹರಿಣಾಕ್ಷಿ ನಾಲ್ಕು ಕ್ಯಾನುಗಳನ್ನು ಸೋಪು ಹಾಕಿ ತೊಳೆದಳು. ಮೀನಿನ ಪಾತ್ರೆಗೆ ಮಾಡುವ ಹಾಗೆ ಹುಣಸೆಹುಳಿ ಕಲಸಿ ಒಂದು ಹಗಲು ಬಿಟ್ಟಳು, ಮಳೆ ಬಿಟ್ಟಾಗಲೆಲ್ಲ ಬಿಸಿಲಿಗಿಟ್ಟಳು. ಆಮೇಲೆ ಒಂದೊಂದರ ಬಾಯಿಗೂ ಮೂಗು ಹಚ್ಚಿ ಉಸಿರೆಳೆದಳು. ಎಂಥ ವಾಸನೆಯೂ ಇಲ್ಲ. ದೂಮಪ್ಪನ ಮಗ ಕಮಲೇಶ್ ಬಂದು ರಿಕ್ಷಾದಲ್ಲಿ ತುಂಬಿಸಿಕೊಂಡು ಹೋದ.

ಬೋಟು ಹೊರಡುವ ದಿನ ಬೆಳಿಗ್ಗೆ ಅವಳು ಲ್ಯಾಬಿನ ಹಿತ್ತಲಲ್ಲಿ ತನ್ನ ಮನೆಗೆಂದು ಐದನೆಯ ಕ್ಯಾನು ತೊಳೆಯುತ್ತಿದ್ದಳು. ಹೊಸದಾಗಿ ಸೇರಿದ ಟೆಕ್ನಿಶಿಯನ್ ಮೆಲಿಸಾ ಬಾಗಿಲು ತೆರೆದವಳೇ ಕೆಮ್ಮುತ್ತ ಹಿಂದೆ ಸರಿದಳು.

"ಅಬ್ಬಾ! ಹರಿಣಕ್ಕ, ನಿಮಗೆ ಈ ವಾಸನೆಗೆ ಎಂತ ಆಗುವುದಿಲ್ವಾ?"

"ಎಂಥ ವಾಸನೆ? ಇದು ತೊಳೆದು ಒಣಗಿಸಿ ಪುನಃ ತೊಳೆಯುವ ಕ್ಯಾನು."

"ಅದರಿಂದಲೇ ಬರುವುದು! ನನಗೆ ಇಲ್ಲಿಗೇ ಕಣ್ಣು ಉರೀತದೆ."

ಹರಿಣಾಕ್ಷಿ ಕ್ಯಾನಿನ ಬಾಯಿಗೆ ಮೂಗು ಹಚ್ಚಿದಳು. ಏನೂ ಇಲ್ಲ. ಕಣ್ಣಲ್ಲಿ ನೀರು ಬಂತು. ವಯಸ್ಸಾದದ್ದಕ್ಕೆ ಎಂದುಕೊಂಡೇ ಎಷ್ಟೋ ವರ್ಷದಿಂದ ಒರೆಸಿಕೊಳ್ಳುತ್ತಿದ್ದ ಅದೇ ನೀರು. ಹೋದ ತಿಂಗಳು ತಾನು ಆರಿಸಿ ತಂದ ಮೀನನ್ನು ಪಕ್ಕದ ಮನೆಯ ಹೇಮಾಕ್ಷಿ ಮೂಗು ಮುಚ್ಚಿಕೊಂಡು ಬೆಕ್ಕಿಗೆ ಹಾಕಿದ್ದು ನೆನಪಾಯಿತು. ಆಗ ಅವಳೊಂದಿಗೆ ಜಗಳವನ್ನೇ ಆಡಿದ್ದಳು.

"ಇದರಲ್ಲಿ ಕುಡಿಯುವ ನೀರು ತುಂಬಿದರೆ?" ಎಂದು ಮೆಲ್ಲಗೆ ಕೇಳಿದಳು.

ಮೆಲಿಸಾ ಗೋಡೆಯ ಮೇಲಿನ ಇಂಗ್ಲಿಷ್ ಕಾಗದವನ್ನು ತೋರಿಸಿದಳು. "ನೋಡಿ, ಬರೆದದ್ದುಂಟು. ಎಷ್ಟು ತೊಳೆದರೂ ಕುಡಿಯಲಿಕ್ಕೆ ಆಗುವುದಿಲ್ಲ. ತೊಳೆದ ನೀರು ಹೀಗೆ ಚರಂಡಿಗೆ ಬಿಡುವ ಹಾಗೂ ಇಲ್ಲ. ಯಾರೂ ಪುನಃ ಉಪಯೋಗಿಸದ ಹಾಗೆ ಖಾಲಿ ಕ್ಯಾನಿಗೆ ತೂತು ಹೊಡೆದೇ ವ್ಯಾನಿಗೆ ಕೊಡಬೇಕು."

ಆ ಕಾಗದದ ಕೆಳಗಿನ ಮೊಳೆಗೇ ಹರಿಣಾಕ್ಷಿ ಇಷ್ಟು ವರ್ಷ ತನ್ನ ಚೀಲ ನೇತುಹಾಕುತ್ತಿದ್ದಳು. ಅದನ್ನು ಅವಳಿಗೆ ಯಾರೂ ಓದಿ ಹೇಳಿರಲಿಲ್ಲ.

ಬೋಟು ಹನ್ನೊಂದಕ್ಕೆ ಹೊರಡುವುದಿತ್ತು. ಆಗಲೇ ಹತ್ತು. ಕಮಲೇಶ್ ಫೋನು ಎತ್ತಲಿಲ್ಲ. ಆದದ್ದನ್ನು ಹೇಳಿ ರಜೆ ಕೇಳಿದರೆ ಚಿತ್ತರಂಜನ ಕುರ್ಚಿಯಿಂದ ಎದ್ದೇಬಿಟ್ಟರು.

"ಅಲ್ಲಿ ಹೋಗಿ ಲ್ಯಾಬಿನ ಹೆಸರು ಹೇಳಿ ಬೊಬ್ಬೆ ಹಾಕ್ತೀರಾ? ನಾನು ಕ್ಯಾನು ಕೊಡಲಿಲ್ಲ. ಎಲ್ಲ ವ್ಯಾನಿಗೆ ಹೋಗಿದೆ, ನಿಮ್ಮದೇ ಸಹಿ ಉಂಟು."

"ಏಳು ಜನ ಹತ್ತು ದಿನ ಆ ನೀರು ಕುಡೀತಾರೆ ಸರ್."

"ಹೊಟ್ಟೆನೋವು ಬಂದರೆ ವಾಪಸ್ ಬರ್ತಾರೆ. ನೀವು ಹೋದರೆ ಮಾತ್ರ ವಾಪಸ್ ಬರುವುದು ಬೇಡ."

ಅವಳು ಗವಸು ಕಳಚಿ ಅದರ ಕೆಂಪು ಚೀಲಕ್ಕೆ ಹಾಕಿ, ಬಂದರಿಗೆ ರಿಕ್ಷಾ ಹತ್ತಿದಳು.

ಬೋಟಿಗೆ ಹೂಮಾಲೆ ಹಾಕಿತ್ತು. ತೆಂಗಿನಕಾಯಿ ಒಡೆದು ಆಗಿತ್ತು. ಇಂಜಿನ್ ಗುಡುಗುಡು ಎನ್ನುತ್ತಿತ್ತು. ನಾಲ್ಕು ಬಿಳಿ ಕ್ಯಾನುಗಳು ತುಂಬಿ, ಅಡುಗೆಯ ಜಾಗದ ಪಕ್ಕ ಹಗ್ಗದಲ್ಲಿ ಬಿಗಿದು ನಿಂತಿದ್ದವು.

"ಅಣ್ಣ, ಆ ಕ್ಯಾನು ಇಳಿಸು. ಅದರ ನೀರು ಯಾರೂ ಕುಡಿಯಬಾರದು" ಎಂದು ಅವಳು ದಡದಿಂದಲೇ ಕೂಗಿದಳು.

ದೂಮಪ್ಪನ ಮುಖ ಕಪ್ಪಿಟ್ಟಿತು. "ಕಾಯಿ ಒಡೆದ ಮೇಲೆ ಈ ಬೋಟಿನಿಂದ ಒಂದು ಸೂಜಿಯೂ ಕೆಳಗೆ ಇಳಿಯುವುದಿಲ್ಲ. ಅಪ್ಪನ ಕಾಲದ ಕ್ರಮ ಮರೆತುಹೋಯ್ತಾ ನಿನಗೆ? ಹೊರಡುವ ಹೊತ್ತಿಗೆ ಬಂದು ಅಪಶಕುನ ನುಡೀತೀಯಾ?"

"ಹಾಗಾದರೆ ನೀರು ಚೆಲ್ಲು."

"ಚೆಲ್ಲಿ? ಹತ್ತು ದಿನ ನಾವು ಏಳು ಜನ ನಿನ್ನ ಉಗುಳು ಕುಡಿಯುವುದಾ?" ಬೋಟಿನವರು ನಕ್ಕರು. ದೂಮಪ್ಪ ತಂಬಾಕು ತುಂಬಿದ ಬಾಯಲ್ಲೇ ಒಂದು ಕ್ಯಾನಿನ ಮುಚ್ಚಳ ತೆಗೆದು ಮೂಸಿದ. "ಸೋಪಿನ ವಾಸನೆ, ಅಷ್ಟೆ. ನೀನೇ ಮೂಸಿ ಕೊಟ್ಟದ್ದಲ್ವಾ? ದಕ್ಕೆಯಲ್ಲೇ ದೊಡ್ಡ ಮೂಗಿನವಳು!"

"ನನ್ನ ಮೂಗು ಸತ್ತಿದೆ ಅಣ್ಣ. ಆ ವಿಷವೇ ಕೊಂದಿದೆ. ನನಗೆ ಇವತ್ತೇ ಗೊತ್ತಾದದ್ದು."

"ಕೇಳಿದಿರಾ?" ದೂಮಪ್ಪ ಇಡೀ ದಕ್ಕೆಗೆ ಕೇಳುವ ಹಾಗೆ ಕೂಗಿದ. "ಮೂಗು ಸತ್ತಿದೆಯಂತೆ! ತಲೆ ಯಾವಾಗ ಸತ್ತದ್ದು, ಅದನ್ನೂ ಹೇಳು!"

ಕಮಲೇಶ್ ಕ್ಯಾನಿನ ಹತ್ತಿರ ಬಗ್ಗಿದ್ದವನು ತಲೆಯೆತ್ತಿದ. "ಅಪ್ಪ, ಮಾಮಿ ಹೇಳುವುದು ಸುಳ್ಳಲ್ಲ. ನಿನ್ನೆ ಇದರಿಂದ ಒಂದು ಲೋಟ ಕುಡಿದೆ. ಈಗಲೂ ಗಂಟಲು ಉರೀತಾ ಉಂಟು."

"ನೀನು ಬಾಯಿ ಮುಚ್ಚು. ಹಗ್ಗ ಬಿಚ್ಚು!"

ದಡದ ಕಂಬಕ್ಕೆ ಸುತ್ತಿದ್ದ ಹಗ್ಗವನ್ನು ಯಾರೋ ಸಡಿಲಿಸಿದರು. ಬೋಟಿಗೂ ದಡಕ್ಕೂ ನಡುವೆ ಒಂದು ಗೇಣು ನೀರು ಕಾಣಿಸಿತು. ಹರಿಣಾಕ್ಷಿ ಮನಸ್ಸಿನಲ್ಲೇ ದೇವಿಯನ್ನು ನೆನೆದು ಸೀರೆ ಎತ್ತಿಕಟ್ಟಿದಳು, ಐವತ್ಮೂರರ ವಯಸ್ಸಿನಲ್ಲಿ ಬೋಟಿಗೆ ಹಾರಿದಳು. ಮಂಜುಗಡ್ಡೆ ಒಡೆಯುವ ಚೂಪು ಸಲಾಕೆ ಅಲ್ಲೇ ಬಿದ್ದಿತ್ತು. ಅದನ್ನೆತ್ತಿ ಮೊದಲನೆಯ ಕ್ಯಾನಿನ ಬುಡಕ್ಕೆ ಹೊಡೆದಳು. ನೀರು ಚಿಮ್ಮಿ ಪೂಜೆಯ ಹೂವೆಲ್ಲ ತೇಲಿದವು. ಎರಡನೆಯದಕ್ಕೆ ಹೊಡೆಯುವಾಗ ದೂಮಪ್ಪ ಅವಳ ಜಡೆ ಹಿಡಿದೆಳೆದ. ಕಮಲೇಶ್ ಅಪ್ಪನ ರಟ್ಟೆ ಹಿಡಿದುಕೊಂಡ. ಮೂರು, ನಾಲ್ಕು. ಕೊನೆಯದರ ನೀರು ಹರಿದು ಮುಗಿಯುವವರೆಗೂ ಅವಳು ಸಲಾಕೆ ಕೆಳಗಿಡಲಿಲ್ಲ.

"ನಾನು ಏನನ್ನೂ ಇಳಿಸಲಿಲ್ಲ ಅಣ್ಣ" ಎಂದಳು ಏದುಸಿರು ಬಿಡುತ್ತ. "ನಿನ್ನ ಕ್ಯಾನು ನಿನ್ನ ಬೋಟಿನಲ್ಲೇ ಉಂಟು."

"ಇಳಿ! ನನಗೆ ತಂಗಿ ಹುಟ್ಟಲೇ ಇಲ್ಲ. ನಾನು ಸತ್ತರೂ ನನ್ನ ಅಂಗಳಕ್ಕೆ ಬರಬೇಡ!"

ಅವಳನ್ನು ಇಳಿಸಲು ಯಾರೂ ಕೈ ಕೊಡಲಿಲ್ಲ. ಕಮಲೇಶನಿಗೂ ಅಪ್ಪನನ್ನು ಬಿಟ್ಟು ಬರುವ ಹಾಗಿರಲಿಲ್ಲ. ಅಂಗಡಿಯಿಂದ ಸೀಲು ಹಾಕಿದ ನೀರು ತರಿಸಿಕೊಂಡು ಬೋಟು ಒಂದು ಗಂಟೆಗೆ ಹೊರಟಿತು. ಹತ್ತು ದಿನ ಬಿಟ್ಟು ಅರೆಬರೆ ಮೀನಿನೊಂದಿಗೆ ಬಂತು. ಅದಕ್ಕೂ ಹರಿಣಾಕ್ಷಿಯನ್ನೇ ಬೈದರು. ಏಳು ಜನರೂ ನೆಟ್ಟಗೆ ನಡೆದುಕೊಂಡು ಇಳಿದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಬೋಟು ಹೊರಟ ಮರುದಿನವೇ ಅವಳು ಲ್ಯಾಬಿಗೆ ಹೋಗಿದ್ದಳು.

"ಬರುವುದು ಬೇಡ ಅಂತ ಹೇಳಿದ್ದೆನಲ್ಲ?" ಎಂದರು ಚಿತ್ತರಂಜನ.

"ಹೋಗ್ತೇನೆ ಸರ್. ನಾನು ಹಾಕಿದ ಸಹಿ ಸುಳ್ಳು, ಕ್ಯಾನು ವ್ಯಾನಿಗೆ ಹೋಗಲಿಲ್ಲ ಅಂತ ಬರೆದುಕೊಟ್ಟೇ ಹೋಗ್ತೇನೆ. ಮೆಲಿಸಾ ಇಂಗ್ಲಿಷಿನಲ್ಲಿ ಬರೀತಾಳೆ."

ಅವರು ಅವಳನ್ನು ನುಂಗುವ ಹಾಗೆ ನೋಡಿದರು; ಅಂಥ ಕಾಗದ ಹೊರಬಿದ್ದರೆ ಮೊದಲು ಸಿಕ್ಕಿಬೀಳುವವರು ಅವರೇ. "ಹೋಗಿ ಕೆಲಸ ಮಾಡಿ" ಎಂದರು. ಆಮೇಲೆ ಅವಳೊಂದಿಗೆ ಮಾತಾಡಿಲ್ಲ. ಬೇಕಾದ್ದನ್ನು ಚೀಟಿಯಲ್ಲಿ ಬರೆದು ಕಳಿಸುತ್ತಾರೆ. ಅವಳು ಬಂದರಿನಿಂದ ಒಂದು ಸಲಾಕೆ ತಂದು ಆ ಕಾಗದದ ಕೆಳಗಿನ ಮೊಳೆಗೆ ನೇತುಹಾಕಿದ್ದಾಳೆ. ಚೀಲಕ್ಕೆ ಬೇರೆ ಮೊಳೆ ಹೊಡೆದುಕೊಂಡಿದ್ದಾಳೆ. ತೂತು ಹೊಡೆದ ಕ್ಯಾನು ವ್ಯಾನಿಗೆ ಏರಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಸಹಿ.

ದೂಮಪ್ಪ ಆ ನಾಲ್ಕು ಕ್ಯಾನುಗಳನ್ನು ಬಿಸಾಡಲಿಲ್ಲ. ಎಲ್ಲರಿಗೂ ಕಾಣಲೆಂದು ಬೋಟಿನ ಹಿಂಬದಿಗೆ ಸಾಲಾಗಿ ಕಟ್ಟಿದ್ದಾನೆ. ಯಾರಾದರೂ ಕೇಳಿದರೆ, "ತಂಗಿ ಕೊಟ್ಟ ಉಡುಗೊರೆ" ಎಂದು ಉಗುಳುತ್ತಾನೆ. ಹರಿಣಾಕ್ಷಿಗೂ ಅದು ಗೊತ್ತು. ಶುಕ್ರವಾರ ದೇವಸ್ಥಾನದಲ್ಲಿ ಅವಳನ್ನು ಕಂಡರೆ ಅವನು ಮುಖ ತಿರುಗಿಸಿ ಹೋಗುತ್ತಾನೆ. ಅವಳು ಅವನ ಹೆಸರಿಗೂ ಸೇರಿಸಿ ಪ್ರಸಾದ ತೆಗೆದುಕೊಂಡು, ಒಬ್ಬಳೇ ಬಂದರಿನ ಕಡೆ ನಡೆಯುತ್ತಾಳೆ. ಬೋಟು ಬಂದಿದ್ದರೆ ದೂರದಿಂದ ನಿಂತು ನೋಡುತ್ತಾಳೆ. ನಾಲ್ಕೂ ಇವೆ, ನಾಲ್ಕರ ಬುಡವೂ ಒಡೆದಿದೆ. ಅವುಗಳಲ್ಲಿ ಇನ್ನು ಯಾರೂ ಒಂದು ಲೋಟ ನೀರು ತುಂಬಿಸಲಾರರು. ಅಷ್ಟು ನೋಡಿಕೊಂಡು ಮನೆಗೆ ಹೋಗುತ್ತಾಳೆ.