ಮಾವನ ಪಾಲಿನ ಬೆಲ್ಲ

ಮಾವ ಕಾಣುವ ಮೊದಲು ಅವನ ಸಿಳ್ಳೆ ಕೇಳುತ್ತಿತ್ತು. ಕೊರವಂಗಲದ ಕೆರೆ ಏರಿ ಹತ್ತುವಾಗ ಎಲ್ಲರೂ ಸೈಕಲ್ ಇಳಿದು ತಳ್ಳಿದರೆ, ಅವನು ಪೆಡಲ್ ತುಳಿಯುತ್ತಲೇ ಸಿಳ್ಳೆ ಹೊಡೆಯುತ್ತಿದ್ದ. ಎಂಥ ದಮ್ಮು ಅವನದು!

ನನ್ನ ಸೋದರಮಾವ ನಂಜೇಗೌಡ ಹಾಸನದ ಹೊರಗೆ ಆಸ್ಬೆಸ್ಟಾಸ್ ಶೀಟಿನ ಫ್ಯಾಕ್ಟರಿಯಲ್ಲಿ ಶೀಟು ಕತ್ತರಿಸುತ್ತಿದ್ದ. ಹುಬ್ಬು, ರೆಪ್ಪೆ, ಕಿವಿಯ ಕೂದಲೆಲ್ಲ ಬಿಳಿ ಧೂಳು. “ನೋಡವ್ವ, ವಯಸ್ಸಿಗ್ ಮುಂಚೆ ಮುದುಕ ಆಗ್ಬುಟ್ಟೆ” ಎಂದು ನಗುತ್ತ ಅಂಗಿಯನ್ನು ಪಡಸಾಲೆಯಲ್ಲೇ ಕೊಡವುತ್ತಿದ್ದ. ಅತ್ತೆ ಬೈಯುತ್ತಿದ್ದುದು ಕಸವಾಯಿತೆಂದು ಮಾತ್ರ. ಆ ಧೂಳು ಎಂಥದ್ದೆಂದು ನಮಗೆ ಗೊತ್ತಿರಲಿಲ್ಲ, ಗೊತ್ತಿದ್ದವರು ಹೇಳಿರಲಿಲ್ಲ.

ಮೂಗಿಗೆ ಟವಲನ್ನು ಅವರವರೇ ಕಟ್ಟಿಕೊಳ್ಳಬೇಕಿತ್ತು. ಫ್ಯಾಕ್ಟರಿಯವರು ಕೊಡುತ್ತಿದ್ದುದು ದಿನಕ್ಕೊಂದು ಉಂಡೆ ಬೆಲ್ಲ. ಅದು ಗಂಟಲಿನ ಧೂಳನ್ನು ಇಳಿಸುತ್ತದಂತೆ! ಮಾವ ಅದನ್ನು ಪೂರಾ ನಂಬಿದ್ದ. ನಂಬಿಯೂ ತಾನು ತಿನ್ನದೆ, ಜೇಬಿನಲ್ಲಿಟ್ಟು ತಂದು ನನ್ನ ಕೈಗೆ ಹಾಕುತ್ತಿದ್ದ.

“ಧೂಳಿನ ಮದ್ದಲ್ವಾ ಮಾವ, ನೀನ್ ತಿನ್ನು.”

“ನಂಗ್ಯಾತಕ್ಕವ್ವ? ನನ್ ಸಿಳ್ಳೆ ಕೇಳಿಲ್ವಾ ನೀನು?”

ನಾನೂ ಹೊಟ್ಟೆಬಾಕಿ, ಎರಡನೇ ಸಲ ಹೇಳುತ್ತಿರಲಿಲ್ಲ.

ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಏರಿಯ ಮೇಲೆ ಸಿಳ್ಳೆ ನಿಂತಿತು. ಮಾವ ಸೈಕಲ್ ತಳ್ಳಿಕೊಂಡು, ನಾಲ್ಕು ಕಡೆ ನಿಂತು ಬರತೊಡಗಿದ. ಕಂಪನಿ ಡಾಕ್ಟರು “ಬೀಡಿ ಬಿಡು” ಎಂದರಂತೆ. ಮಾವ ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ. ಹಾಸನದ ದೊಡ್ಡಾಸ್ಪತ್ರೆಯಲ್ಲಿ ಮಾತ್ರ, ಇದು ಶೀಟಿನ ಧೂಳಿನದೇ ಕಾಯಿಲೆ, ಅಲ್ಲಿ ದುಡಿದಿದ್ದಕ್ಕೆ ಒಂದು ಪತ್ರ ತಂದರೆ ಚಿಕಿತ್ಸೆ ಕಂಪನಿಯದೇ ಹೊಣೆಯಾಗುತ್ತದೆ ಎಂದರು.

ಆ ಪತ್ರಕ್ಕಾಗಿ ನಾನೂ ಮಾವನೂ ಫ್ಯಾಕ್ಟರಿ ಆಫೀಸಿಗೆ ಹೋದೆವು. ಆಫೀಸರು ಕಂಪ್ಯೂಟರ್ ನೋಡಿ, “ಈ ಹೆಸರು ನಮ್ಮಲ್ಲಿಲ್ಲ. ಕಂಟ್ರಾಕ್ಟರ್ ಕಡೆಯವರಿರಬೇಕು” ಎಂದ.

“ದಿನಾ ಬೆಲ್ಲ ಕೊಡಿಸ್ತಿದ್ರಲ್ಲ ಸಾ?” ಎಂದ ಮಾವ.

ಎಮ್ಮೆ ಮೇಲೆ ಮಳೆ ಸುರಿದಂತೆ ಆ ಆಫೀಸರು ಬೇರೊಂದು ಫೈಲು ಬಿಚ್ಚಿಕೊಂಡ. ಅಂಥವನಿಗೂ ಮಾವ ಕೈಮುಗಿದು ಬಂದ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ ಒಂದು ಅಚ್ಚು ಬೆಲ್ಲ ಒಯ್ದಿದ್ದೆ. ಬೆಲ್ಲದಿಂದ ಯಾವ ಧೂಳೂ ಇಳಿಯುವುದಿಲ್ಲ ಎಂದು ಅಷ್ಟರಲ್ಲಿ ತಿಳಿದಿತ್ತು. ಆದರೂ ಅವನ ಪಾಲನ್ನೆಲ್ಲ ನಾನೇ ತಿಂದೆನೆಂಬ ಸಂಕಟ. ಮಾವ ಅದರಲ್ಲಿ ಒಂದು ಚೂರು ಮುರಿದ. ಬಾಯಿಗಿಟ್ಟುಕೊಳ್ಳುತ್ತಾನೆ ಎಂದುಕೊಂಡೆ.

“ತಗೊಳವ್ವ” ಎಂದು ನನ್ನ ಕೈಗೇ ಹಾಕಿದ.

ಈಗಲೂ ಏರಿಯ ಮೇಲೆ ಯಾರಾದರೂ ಸಿಳ್ಳೆ ಹೊಡೆದರೆ ಬಾಗಿಲಿಗೆ ಬಂದು ನಿಲ್ಲುತ್ತೇನೆ. ಮನೆಯಲ್ಲಿ ಡಬ್ಬಿ ತುಂಬ ಬೆಲ್ಲವಿದೆ. ನನಗೆ ಮಾವ ಬೇಕು.