ನಮ್ಮ ಬಾವಿಯ ನೀರಿನಲ್ಲಿ ಅವರು ಕಂಡದ್ದು

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಯಾವಾಗಲೂ ಕಪ್ಪಾಗಿರುತ್ತಿತ್ತು. ಚರ್ಮದ ಒಳಗಿನಿಂದಲೇ ಬಂದ ಹಾಗಿದ್ದ, ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿದ ಕಲೆ ಅದು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ, ಏಕೆಂದರೆ ಅದು ಸಿಲ್ವರ್ ನೈಟ್ರೇಟಿನದ್ದು. ಕರಾವಳಿಯ ಬಾವಿಗಳಲ್ಲಿ ಉಪ್ಪಿನ ಅಂಶ ಎಷ್ಟಿದೆ ಎಂದು ನೋಡಲು ಆ ದ್ರಾವಣವನ್ನು ನೀರಿಗೆ ಹನಿಹನಿಯಾಗಿ ಬಿಡಬೇಕು. ಮೊದಲೇ ಹಾಕಿದ ಸೂಚಕದಿಂದ ಹಳದಿಯಾಗಿದ್ದ ನೀರು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ ಕ್ಷಣದಲ್ಲೇ ನಿಲ್ಲಿಸಬೇಕು. ನನಗೆ ದಿನವೂ ಗ್ಲೌಸ್ ಹಾಕಿಕೋ ಎನ್ನುತ್ತಿದ್ದ ಅವರು ತಾವು ಮಾತ್ರ ಹಾಕುತ್ತಿರಲಿಲ್ಲ. ಓಟು ಹಾಕುವಾಗ ಬೆರಳಿಗೆ ಹಚ್ಚುವ ಶಾಯಿಯಲ್ಲಿಯೂ ಇರುವುದು ಅದೇ. "ನಾನು ವರ್ಷವಿಡೀ ಓಟು ಹಾಕುವ ಮನುಷ್ಯ ಮೋಳೇ. ಎಲ್ಲಾ ಪಾರ್ಟಿಯವರಿಗೂ ನನ್ನ ಮೇಲೆ ಸಂಶಯ," ಎಂದು ನಗುತ್ತಿದ್ದರು.

ಮೋಳೇ ಎಂದರೆ ಮಗಳೇ. ಅವರು ಶಿರಿಯದ ಬ್ಯಾರಿ ಮುಸ್ಲಿಂ ಮನೆತನದವರು. ನಾನು ಪೈವಳಿಕೆಯ ಕಡೆಯ ಕೊಂಕಣಿ ಕ್ರಿಶ್ಚಿಯನ್. ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ, ಮದುವೆಯಾಗಿ, ಸೀತಾಂಗೋಳಿಯಿಂದ ಸ್ವಲ್ಪ ಒಳಗಿನ ಒಂದು ಊರಿನಲ್ಲಿ ಬಾಡಿಗೆ ಮನೆ ಹಿಡಿದಾಗ ಕೆಲಸ ಹುಡುಕಿಕೊಂಡು ಅವರ ಲ್ಯಾಬಿಗೆ ಹೋದೆ. ಸೀತಾಂಗೋಳಿಯ ಜಂಕ್ಷನ್ನಿನಲ್ಲಿ, ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯಲ್ಲಿ ಎರಡು ಕೋಣೆ. ಗಲ್ಫಿನ ಒಂದು ಎಣ್ಣೆ ಶುದ್ಧೀಕರಣ ಕಾರ್ಖಾನೆಯ ಲ್ಯಾಬಿನಲ್ಲಿ ಆಯುಷ್ಯದ ಬಹುಪಾಲು ಕಳೆದು ಬಂದವರು, ಊರಿಗೆ ಬಂದು ನೀರು ಪರೀಕ್ಷಿಸಲು ಕುಳಿತಿದ್ದರು. ಕಟ್ಟಡ ಅವರ ಹೆಂಡತಿಯ ಅಣ್ಣನದು.

ಅಲ್ಲಿ ನಾನು ಕಲಿತ ಮೊದಲ ಪಾಠ, ಏನನ್ನೂ ಮೂಸಿ ನೋಡಬಾರದು ಎಂಬುದು. ಕಾಲೇಜಿನಲ್ಲಿ ನಮಗೆ ಕೈಯಿಂದ ಗಾಳಿ ಬೀಸಿಕೊಂಡು ಹಿತವಾಗಿ ಮೂಸಲು ಕಲಿಸಿದ್ದರು. ನಾನು ಹಾಗೆ ಮಾಡಿದಾಗ ಬಾಟಲಿಯನ್ನು ನನ್ನ ಕೈಯಿಂದ ತೆಗೆದು ಮುಚ್ಚಳ ಹಾಕಿಬಿಟ್ಟರು. "ಮೂಗಿಗೆ ಗೊತ್ತಾಗುವಾಗ ತಡ ಆಗಿರ್ತದೆ," ಎಂದರು. ಎರಡನೆಯ ಪಾಠ ಬ್ಲಾಂಕ್. ಯಾವ ಪರೀಕ್ಷೆಗೂ ಮೊದಲು ಶುದ್ಧ ನೀರನ್ನು ಅದೇ ಕ್ರಮದಲ್ಲಿ, ಅದೇ ಪಾತ್ರೆಯಲ್ಲಿ ಪರೀಕ್ಷಿಸಬೇಕು. "ಇಲ್ಲದ್ದು ಇಲ್ಲ ಅಂತ ಮೊದಲು ಖಾತ್ರಿ ಮಾಡು. ಮತ್ತೆ ಉಂಟು ಅಂತ ಹೇಳುವ ಧೈರ್ಯ ಮಾಡು." ನಾನು ಅವಸರದಲ್ಲಿ ಬ್ಲಾಂಕ್ ಬಿಟ್ಟ ದಿನ ಅವರು ಗದರಲಿಲ್ಲ. ನಾನು ಬೆಳಿಗ್ಗೆಯಿಂದ ಮಾಡಿದ್ದ ಅಷ್ಟೂ ಕೆಲಸವನ್ನು ಸಿಂಕಿಗೆ ಸುರಿದು, ಮೇಜು ಒರೆಸಿ, "ಸುರು ಮಾಡುವ," ಎಂದರು.

ಮಂಗಳೂರಿನಲ್ಲಿ ಮುಚ್ಚಿದ ಒಂದು ಕಂಪೆನಿಯಿಂದ ಅವರು ಹಳೆಯ ಗ್ಯಾಸ್ ಕ್ರೊಮಟೋಗ್ರಾಫ್ ಒಂದನ್ನು ತಂದು, ತಿಂಗಳುಗಟ್ಟಲೆ ಬಿಚ್ಚಿ, ಜೋಡಿಸಿ, ಸರಿಮಾಡಿದ್ದರು. ಅದರ ಕೆಲಸ ಹೇಳಲು ಸುಲಭ. ಸಣ್ಣ ಗಾಜಿನ ಕುಪ್ಪಿಯಲ್ಲಿ ಅರ್ಧ ನೀರು ಹಾಕಿ, ರಬ್ಬರ್ ಮುಚ್ಚಳ ಬಿಗಿದು ಬೆಚ್ಚಗೆ ಮಾಡಿದರೆ, ನೀರಿನಲ್ಲಿ ಅಡಗಿ ಕುಳಿತ ಆವಿಯಾಗುವ ವಸ್ತುಗಳು ಮೇಲಿನ ಗಾಳಿಗೆ ಬರುತ್ತವೆ. ಆ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು ಯಂತ್ರಕ್ಕೆ ಚುಚ್ಚಬೇಕು. ಕೂದಲೆಳೆಯಂಥ ಉದ್ದನೆಯ ಕೊಳವೆಯಲ್ಲಿ ಹಾದು ಒಂದೊಂದು ವಸ್ತುವೂ ತನ್ನದೇ ಹೊತ್ತಿಗೆ ಹೊರಗೆ ಬರುತ್ತದೆ. ಬಂದಾಗ ಪರದೆಯ ಮೇಲಿನ ನೇರ ಗೆರೆ ಎದ್ದು, ಶಿಖರವಾಗಿ, ಇಳಿಯುತ್ತದೆ. ಎಷ್ಟನೆಯ ನಿಮಿಷಕ್ಕೆ ಎದ್ದಿತು ಎಂಬುದರಿಂದ ಅದು ಯಾವುದೆಂದು ತಿಳಿಯುತ್ತದೆ; ಎಷ್ಟು ಎದ್ದಿತು ಎಂಬುದರಿಂದ, ಎಷ್ಟಿದೆ ಎಂದು.

ಯಂತ್ರ ಸರಿಯಾದ ದಿನ ಅವರು ಮದುಮಗನ ಹಾಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ನಾನಾಗ ಐದು ತಿಂಗಳ ಗರ್ಭಿಣಿ. ಮೊದಲು ಬಟ್ಟಿ ಇಳಿಸಿದ ನೀರು ಹಾಕಿದೆವು. ಗೆರೆ ಎಲ್ಲಿಯೂ ಏಳಲಿಲ್ಲ. "ಭೇಷ್," ಎಂದರು. "ಇನ್ನು ಒಳ್ಳೆ ಬಾವಿ ನೀರು ಹೇಗೆ ಕಾಣ್ತದೆ ನೋಡುವ." ಮೇಜಿನ ಮೂಲೆಯಲ್ಲಿ ನಾನು ಮನೆಯಿಂದ ತಂದಿದ್ದ ಕುಡಿಯುವ ನೀರಿನ ಬಾಟಲಿ ಇತ್ತು. ನಮ್ಮ ಬಾಡಿಗೆ ಮನೆಯ ಬಾವಿಯ ನೀರು ಸುತ್ತಲಿಗೆಲ್ಲ ಹೆಸರಾದದ್ದು. ಸಿಹಿ ನೀರು, ಉಪ್ಪಿಲ್ಲ, ಕಬ್ಬಿಣದ ಕೆಸರಿಲ್ಲ. "ಅದನ್ನೇ ಕೊಡು," ಎಂದರು. ಅಷ್ಟರಲ್ಲಿ ನಾನು ಅದರಲ್ಲಿ ಅರ್ಧ ಕುಡಿದಿದ್ದೆ.

ಮೂರನೆಯ ನಿಮಿಷ ಕಳೆದು ಸ್ವಲ್ಪದರಲ್ಲಿ ಗೆರೆ ಎದ್ದಿತು. ದೊಡ್ಡದಲ್ಲ, ಮಕ್ಕಳು ಮರಳಿನಲ್ಲಿ ಮಾಡುವ ಗುಡ್ಡೆಯಷ್ಟು. ಅದರ ಹಿಂದೆ ಇನ್ನೊಂದು. ಕೊನೆಗೆ ಜೋಡಿಯಾಗಿ ಎರಡು.

ಅವರು ಸಿರಿಂಜ್ ಬದಲಿಸಿದರು. ಕುಪ್ಪಿ ಬದಲಿಸಿದರು. ಮತ್ತೆ ಬಟ್ಟಿ ಇಳಿಸಿದ ನೀರು ಹಾಕಿದರು. ಗೆರೆ ಮಲಗಿಯೇ ಇತ್ತು. ಮತ್ತೆ ನನ್ನ ಬಾಟಲಿಯ ನೀರು. ಗೆರೆ ಅದೇ ನಿಮಿಷಕ್ಕೆ, ಅಷ್ಟೇ ಎತ್ತರಕ್ಕೆ ಎದ್ದಿತು. ಕಪಾಟಿನಿಂದ ಒಂದು ಸಣ್ಣ ಸೀಸೆ ತೆಗೆದು, ಅದರೊಳಗಿನದ್ದನ್ನು ಒಂದು ಹನಿಗಿಂತ ಕಡಿಮೆ ಶುದ್ಧ ನೀರಿಗೆ ಬೆರೆಸಿ ಚುಚ್ಚಿದರು. ಶಿಖರ ಮೊದಲಿನದರ ಮೇಲೆ ಕರಾರುವಾಕ್ಕಾಗಿ ಕುಳಿತಿತು. ಸೀಸೆಯ ಮೇಲೆ ಬೆಂಜೀನ್ ಎಂದು ಬರೆದಿತ್ತು.

"ಇವನ ಪರಿಚಯ ನನಗೆ ಉಂಟು," ಎಂದರು, ನನಗಲ್ಲ, ಪರದೆಗೆ. ಆಮೇಲೆ ಕುರ್ಚಿ ತಿರುಗಿಸಿ ನನ್ನ ಮುಖ ನೋಡಿದರು. "ಮೋಳೇ, ಇವತ್ತು ಮನೆಗೆ ಹೋಗಿ ಬಾವಿ ನೀರು ಕುಡಿಬೇಡ. ಅಡುಗೆಗೂ ಬೇಡ. ಬಿಸಿ ಮಾಡಿ ಸ್ನಾನಕ್ಕೂ ಬೇಡ."

"ಎಂತ ಆಯ್ತು ಸರ್?"

"ಪೆಟ್ರೋಲಿನಲ್ಲಿ ಇರುವಂಥದ್ದು ನೀರಿನಲ್ಲಿ ಉಂಟು. ಎಲ್ಲಿಂದ ಬಂತು ಅಂತ ನಾಳೆ ನೋಡುವ."

ನಾನು ನನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದೆ ಎಂದು ನನಗೆ ಗೊತ್ತಾದದ್ದು ಅವರು ಅತ್ತ ನೋಡಿ ಕಣ್ಣು ತಗ್ಗಿಸಿದಾಗ.

ಮಾರನೆಯ ಬೆಳಿಗ್ಗೆ ಬಾಟಲಿಗಳ ಚೀಲ ಹಿಡಿದುಕೊಂಡು ನಮ್ಮ ಮನೆಯಿಂದ ಗುಡ್ಡ ಹತ್ತಿದೆವು. ಮುರಕಲ್ಲಿನ ನೆಲ, ನೀರು ಮೇಲಿನಿಂದ ಕೆಳಗೆ ಕಲ್ಲಿನ ತೂತುಗಳಲ್ಲೇ ದಾರಿ ಮಾಡಿಕೊಂಡು ಬರುತ್ತದೆ. ಪ್ರತಿ ಬಾವಿಯಿಂದಲೂ ಎರಡೆರಡು ಬಾಟಲಿ, ಕಂಠಪೂರ್ತಿ, ಒಂದು ಗಾಳಿಗುಳ್ಳೆಯೂ ಉಳಿಯದ ಹಾಗೆ. ಮನೆಯವರು "ಎಂತಕ್ಕೆ?" ಎಂದು ಕೇಳಿದರೆ ಅವರು ಸುಳ್ಳು ಹೇಳಲಿಲ್ಲ: "ಸಂಶಯ ಉಂಟು. ಖಾತ್ರಿ ಆಗುವವರೆಗೆ ಬೇರೆ ನೀರು ಕುಡಿಯಿರಿ." ಕೆಲವರು ಹೆದರಿದರು. ಒಬ್ಬಳು ತಾಯಿ ನಮ್ಮ ಎದುರೇ ಕೊಡಪಾನ ಬೋರಲು ಹಾಕಿದಳು. ಒಬ್ಬರು, "ನಮ್ಮ ಅಜ್ಜ ಕುಡಿದ ಬಾವಿ ಮಾರಾಯ್ರೆ, ನಿಮಗೆ ಬೇರೆ ಕೆಲಸ ಇಲ್ವಾ?" ಎಂದು ನಕ್ಕರು.

ನಾಲ್ಕನೆಯ ಬಾವಿಯ ಹತ್ತಿರ ಅವರ ನಡಿಗೆ ನಿಧಾನವಾಯಿತು. ದಣಿವು ಎಂದುಕೊಂಡೆ. ತಲೆ ಎತ್ತಿ ನೋಡಿದಾಗ ನನಗೂ ತಿಳಿಯಿತು. ಗುಡ್ಡದ ನೆತ್ತಿಯಲ್ಲಿ, ರಸ್ತೆಯ ಬದಿಗೆ, ಅವರ ಹೆಂಡತಿಯ ಅಣ್ಣನ ಪೆಟ್ರೋಲ್ ಬಂಕ್ ಇತ್ತು. ಅದರ ಹಿಂದೆಯೇ ಆ ಮನೆತನದ ಮನೆ.

"ಹೋಗುವುದಾ ಸರ್?" ಎಂದೆ.

"ಅಲ್ಲಿಗೇ ಹೋಗದಿದ್ದರೆ ಇಷ್ಟು ಹತ್ತಿದ್ದು ಯಾಕೆ?" ಎಂದರು.

ಆ ಮನೆಯಲ್ಲಿ ಅವರ ಅತ್ತೆ, ಎಲ್ಲರೂ ಉಮ್ಮ ಎಂದು ಕರೆಯುವ ಮುದುಕಿ, ನಮ್ಮನ್ನು ಕೂರಿಸಿ ಒಳಗೆ ಹೋದರು. ನಾವು ಬಾವಿಯಿಂದ ಬಾಟಲಿ ತುಂಬಿಸಿ ಬರುವಷ್ಟರಲ್ಲಿ ಎರಡು ಗ್ಲಾಸ್ ಚಾಯ ತಂದಿಟ್ಟಿದ್ದರು. ಸರ್ ನನ್ನ ಗ್ಲಾಸನ್ನು ತಮ್ಮ ಕಡೆ ಎಳೆದುಕೊಂಡರು. ತಮ್ಮದನ್ನೂ ಮುಟ್ಟಲಿಲ್ಲ. ಚಾಯದ ಮೇಲೆ ಕೆನೆ ಕಟ್ಟಿತು.

"ನನ್ನ ಕೈಯ ಚಾಯ ಒಂದು ದಿನವೂ ಬಿಟ್ಟವನಲ್ಲ ನೀನು," ಎಂದರು ಉಮ್ಮ ಬ್ಯಾರಿ ಭಾಷೆಯಲ್ಲಿ. "ಎಂತ ಉಂಟು ಅದರಲ್ಲಿ?"

ಅವರು ಎದ್ದು ಹೋಗಿ ಆ ಮುದುಕಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು, "ಉಮ್ಮಾ, ಇನ್ನು ಈ ನೀರು ಮುಟ್ಟಬೇಡಿ," ಎಂದರು. ಹೊರಗೆ ಬಂಕಿನಲ್ಲಿ ಯಾವುದೋ ಲಾರಿ ಹಾರ್ನ್ ಹಾಕುತ್ತಿತ್ತು.

ಲ್ಯಾಬಿಗೆ ಬಂದು ನೋಡಿದರೆ, ಬಾವಿ ಗುಡ್ಡದ ಮೇಲೆ ಹೋದ ಹಾಗೆ ಶಿಖರ ಎತ್ತರವಾಗುತ್ತಾ ಹೋಗಿತ್ತು. ಉಮ್ಮನ ಬಾವಿಯದ್ದು ಪರದೆಯನ್ನೇ ದಾಟಿತು.

ಪ್ರತಿ ಬಾವಿಯ ಎರಡನೆಯ ಬಾಟಲಿಯನ್ನು ಅವರು ಖಾತ್ರಿಗಾಗಿ ದೂರದ ಒಂದು ದೊಡ್ಡ ಲ್ಯಾಬಿಗೆ ಕಳಿಸಿದರು. ಉತ್ತರ ಬರುವ ಮೊದಲೇ ಬಂಕಿನ ಯಜಮಾನರಾದ ಅವರ ಭಾವ ಮಾಳಿಗೆ ಹತ್ತಿ ಬಂದರು. ಕೆಟ್ಟ ಮನುಷ್ಯ ಎಂದು ನಾನು ಹೇಳಲಾರೆ. ಎತ್ತರದ ಆಳು, ಆ ದಿನ ಬಾಗಿಲಲ್ಲಿ ಕುಗ್ಗಿ ನಿಂತಿದ್ದರು.

"ನನ್ನ ಉಮ್ಮ ಕುಡಿಯುವ ನೀರು ಅದು. ಅದಕ್ಕೆ ನಾನು ವಿಷ ಹಾಕಿದೆ ಅಂತ ಬರೀತೀಯಾ?"

"ನೀನು ಹಾಕಿದ್ದು ಅಂತ ಬರೆಯುವುದಿಲ್ಲ. ನೀರಿನಲ್ಲಿ ಉಂಟು ಅಂತ ಬರೆಯುತ್ತೇನೆ."

"ನಿನ್ನ ಯಂತ್ರ ಗುಜರಿಯದ್ದು."

"ಹೌದು. ಅದಕ್ಕೇ ಮೂರು ಮೂರು ಸಲ ನೋಡಿದೆ."

"ಒಂದು ತಿಂಗಳು ತಡೆ. ನಾನೇ ಟ್ಯಾಂಕ್ ತೆಗೆಸಿ ನೋಡ್ತೇನೆ. ಯಾರಿಗೂ ಗೊತ್ತಾಗುವುದು ಬೇಡ."

ಅವರು ನನ್ನ ಕಡೆ ಕೈ ತೋರಿಸಿದರು. "ಇವಳು ಕೆಳಗಿನ ಮನೆಯವಳು. ಒಂದು ತಿಂಗಳು ಅಂತ ಇವಳಿಗೆ ನೀನೇ ಹೇಳು."

ಭಾವ ನನ್ನನ್ನು ನೋಡಿದರು, ನನ್ನ ಹೊಟ್ಟೆಯನ್ನು ನೋಡಿದರು. ತಿರುಗಿ ಮೆಟ್ಟಿಲು ಇಳಿದುಹೋದರು.

ದೊಡ್ಡ ಲ್ಯಾಬಿನ ಉತ್ತರ ನಮ್ಮದಕ್ಕೆ ಹೊಂದಿತು. ವರದಿಯನ್ನು ಟೈಪ್ ಮಾಡಿದವಳು ನಾನು. ಎಂದಿನ ಹಾಗೆ ಕೆಳಗೆ ಪರೀಕ್ಷಿಸಿದವರ ಜಾಗದಲ್ಲಿ ನನ್ನ ಹೆಸರನ್ನೂ ಹಾಕಿದ್ದೆ. ಅವರು ಅದನ್ನು ಹೊಡೆದುಹಾಕಿದರು. "ನಿನ್ನ ಬಾವಿ ಇದರಲ್ಲಿ ಉಂಟು. ನಾಳೆ ಅದನ್ನೇ ಹಿಡ್ಕೊಂಡು ಇದು ಸುಳ್ಳು ಅಂತಾರೆ. ನನ್ನ ಹೆಸರು ಸಾಕು." ಅವರ ಹೆಂಡತಿಯ ತವರೂ ಅದರಲ್ಲಿತ್ತು ಎಂದು ನಾನು ಹೇಳಲಿಲ್ಲ. ಪಂಚಾಯತಿಗೆ ತಾವೇ ಹೋಗಿ ಕೊಟ್ಟು, ಮುದ್ರೆ ಹಾಕಿಸಿಕೊಂಡು ಬಂದರು.

ಬಂಕ್ ನಿಂತಿತು. ನೆಲ ಅಗೆದಾಗ ಹಳೆಯ ಟ್ಯಾಂಕಿನ ಅಡಿಯ ಬೆಸುಗೆ ತುಕ್ಕು ಹಿಡಿದು ಬಿಟ್ಟುಕೊಂಡಿತ್ತು. ಅದು ಯಾವ ವರ್ಷ ಬಿಟ್ಟಿತೆಂದು ಯಾರಿಗೂ ಹೇಳಲಾಗಲಿಲ್ಲ. ಬಾವಿಗಳಿಗೆ ಬಲೆ ಮುಚ್ಚಿ ಬೀಗ ಹಾಕಿದರು. ಟ್ಯಾಂಕರಿನಲ್ಲಿ ನೀರು ಬರತೊಡಗಿತು. ನಾವು ಮನೆ ಬದಲಿಸಿದೆವು. ಅದೇ ತಿಂಗಳು ಅವರಿಗೆ ಕಟ್ಟಡ ಬಿಡಲು ಭಾವ ಹೇಳಿ ಕಳಿಸಿದರು. ಹೆಂಡತಿಯ ತವರಿನ ಮದುವೆಗೆ ಕರೆ ಬರಲಿಲ್ಲ. ಯಂತ್ರವನ್ನು ಶಿರಿಯದ ತಮ್ಮ ಮನೆಯ ಪಕ್ಕದ ಶೆಡ್ಡಿಗೆ ಸಾಗಿಸಿ, ಹೊಳೆಯ ಉಪ್ಪುಗಾಳಿಗೆ ತುಕ್ಕು ಹಿಡಿಯದ ಹಾಗೆ ದಿನಾ ಒರೆಸುತ್ತಿದ್ದರು.

ನನಗೆ ಹೆಣ್ಣು ಮಗು ಹುಟ್ಟಿತು. ಬೆರಳುಗಳೆಲ್ಲ ಸರಿಯಾಗಿದ್ದವು, ಅಳು ಜೋರಾಗಿತ್ತು. ನೋಡಲು ಬಂದ ಅವರನ್ನು ನಾನು ಕೇಳಿದೆ: "ನಾನು ಕುಡಿದದ್ದು ಇವಳಿಗೆ ಎಷ್ಟು ಹೋಗಿರಬಹುದು ಸರ್?" ಸಮಾಧಾನಕ್ಕೆ ಏನಾದರೂ ಹೇಳಬಹುದಿತ್ತು. "ಕಳೆದುಹೋದದ್ದನ್ನು ಅಳೆಯುವ ಯಂತ್ರ ನನ್ನಲ್ಲಿ ಇಲ್ಲ ಮೋಳೇ. ಬೆಂಜೀನ್ ಹೊಡೆಯುವುದು ರಕ್ತಕ್ಕೆ, ವರ್ಷಕ್ಕೊಮ್ಮೆ ರಕ್ತ ನೋಡಿಸು. ಬಿಡಬೇಡ," ಎಂದರು. ನಾನು ಆ ದಿನ ಅವರ ಮೇಲೆ ಸಿಟ್ಟಾಗಿದ್ದೆ.

ಎರಡು ವರ್ಷ ಕಳೆದಿರಬೇಕು. ಅವರ ಮುಂಗೈಯಲ್ಲಿ ನೀಲಿ ಮಚ್ಚೆಗಳು ಕಂಡವು, ಎಲ್ಲಿಗೂ ತಾಗದೆಯೇ ಆದವು. ಮೆಟ್ಟಿಲು ಹತ್ತಿದರೆ ಏದುಸಿರು. ಮಂಗಳೂರಿನ ಆಸ್ಪತ್ರೆಯಲ್ಲಿ ರಕ್ತದ ಕಾಯಿಲೆ ಎಂದರು. ನಾನು ನೋಡಲು ಹೋದಾಗ ಮಂಚದ ಮೇಲೆ ರಕ್ತದ ವರದಿಗಳನ್ನು ತಾರೀಕಿನ ಕ್ರಮದಲ್ಲಿ ಜೋಡಿಸಿಕೊಂಡು ಕುಳಿತಿದ್ದರು. ಆಗ ಹೇಳಿದರು: ಗಲ್ಫಿಗೆ ಹೋದ ಮೊದಲ ವರ್ಷಗಳಲ್ಲಿ, ಎಣ್ಣೆ ಹತ್ತಿದ ಗಾಜಿನ ಪಾತ್ರೆಗಳನ್ನು ಅವರೆಲ್ಲ ಬೆಂಜೀನಿನಲ್ಲಿ ತೊಳೆಯುತ್ತಿದ್ದರಂತೆ. ಕೆಲಸ ಮುಗಿದ ಮೇಲೆ ಕೈಯನ್ನೂ. ಸಿಹಿ ವಾಸನೆ, ಎಲ್ಲರಿಗೂ ಇಷ್ಟವಾಗಿತ್ತಂತೆ.

"ಅದರಿಂದಲೇ ಆದದ್ದಾ ಸರ್?"

"ಒಂದೇ ಸ್ಯಾಂಪಲಿನಿಂದ ಹಾಗೆ ಹೇಳಲಿಕ್ಕೆ ಆಗುವುದಿಲ್ಲ," ಎಂದರು. ದಿಂಬಿನ ಕೆಳಗಿನಿಂದ ಮಡಚಿದ ಒಂದು ಹಾಳೆ ತೆಗೆದು ಕೊಟ್ಟರು. ಗುಡ್ಡದಲ್ಲಿ ನಮ್ಮ ಹಳೆಯ ಮನೆಯಿಂದ ಕೆಳಗೆ, ಬುಡದಲ್ಲಿ ಹರಿಯುವ ತೋಡಿನವರೆಗೆ ಇರುವ ಬಾವಿಗಳು, ಒಂದರ ಕೆಳಗೆ ಒಂದು, ಮನೆಯವರ ಹೆಸರಿನೊಂದಿಗೆ. "ಇವರಿಗೆ ಇನ್ನೂ ಎಂತ ಇಲ್ಲ. ಟ್ಯಾಂಕ್ ತೆಗೆದ್ರು ಅಂತ ಎಲ್ಲರೂ ಮರೆತಿದ್ದಾರೆ. ನೆಲದೊಳಗೆ ಹೋದದ್ದು ಅಲ್ಲೇ ಉಂಟು, ಅದು ಕೆಳಗೆ ಬರ್ತಾ ಇರ್ತದೆ. ವರ್ಷಕ್ಕೆ ಎರಡು ಸಲ ನೋಡು. ಯಂತ್ರ ನೀನೇ ಇಟ್ಕೋ."

ಅವರು ತೀರಿಕೊಂಡದ್ದು ರಂಜಾನ್ ನೋಂಬಿನ ತಿಂಗಳಲ್ಲಿ, ಒಂದು ಶುಕ್ರವಾರ ಬೆಳಿಗ್ಗೆ. ಗಂಡಸರು ಅವರ ಮಯ್ಯತ್ತನ್ನು ಹೆಗಲಲ್ಲಿ ಹೊತ್ತು ಶಿರಿಯದ ಮಸೀದಿಗೆ ಒಯ್ದ ಮೇಲೆ ನಾನು ಹೆಂಗಸರ ನಡುವೆ ಕುಳಿತಿದ್ದೆ. ಉಮ್ಮ ಬಂದರು, ಆ ವರದಿಯ ನಂತರ ಅಳಿಯನ ಮನೆಗೆ ಅವರು ಕಾಲಿಟ್ಟದ್ದು ಆ ದಿನವೇ. ಗೋಡೆ ಹಿಡಿದುಕೊಂಡು ನನ್ನ ಹತ್ತಿರ ಬಂದು ಕುಳಿತು, ನನ್ನ ಮಗಳ ತಲೆಯ ಮೇಲೆ ಕೈ ಇಟ್ಟು, "ಇವಳಿಗೆ ಹುಷಾರುಂಟಲ್ಲ?" ಎಂದರು. "ಉಂಟು," ಎಂದೆ. ಅವರ ಕೈಯ ಹಿಂಭಾಗದಲ್ಲಿಯೂ ಒಂದು ನೀಲಿ ಮಚ್ಚೆ ಇತ್ತು. ನಾನು ನೋಡಿದ್ದನ್ನು ಅವರೂ ನೋಡಿ, ಸೆರಗಿನೊಳಗೆ ಕೈ ಎಳೆದುಕೊಂಡರು.

ನನ್ನ ಮಗಳು ಈಗ ಶಾಲೆಗೆ ಹೋಗುತ್ತಾಳೆ. ಪ್ರತಿ ವರ್ಷ ಅವಳ ರಕ್ತದ ವರದಿಯನ್ನು ನಾನು ಮನೆಗೆ ತರುವವರೆಗೆ ಕಾಯುವುದಿಲ್ಲ. ಆಸ್ಪತ್ರೆಯ ಮೆಟ್ಟಿಲಲ್ಲೇ ನಿಂತು ಓದುತ್ತೇನೆ. ಈವರೆಗೆ ಸರಿಯಾಗಿದೆ. ಆ ದಿನ ನನ್ನ ಬಾಟಲಿಯನ್ನು ಅವರು ಕೇಳದೆ ಇದ್ದಿದ್ದರೆ ಹೆರುವವರೆಗೂ, ಹೆತ್ತ ಮೇಲೂ ನಾನು ಆ ಸಿಹಿ ನೀರನ್ನೇ ಕುಡಿಯುತ್ತಿದ್ದೆ, ಕೂಸಿಗೂ ಕುಡಿಸುತ್ತಿದ್ದೆ. ಆ ಋಣಕ್ಕೆ ನಾನು ಮಾಡುವುದು ಇಷ್ಟೇ: ವರ್ಷಕ್ಕೆ ಎರಡು ಸಲ ಚೀಲ ಹಿಡಿದುಕೊಂಡು ಆ ಗುಡ್ಡಕ್ಕೆ ಹೋಗುತ್ತೇನೆ.

ಈ ಸಲ ಮಳೆಗಾಲಕ್ಕೆ ಮೊದಲು ತಂದ ನೀರಿನಲ್ಲಿ, ಅವರ ಪಟ್ಟಿಯ ಮೊದಲನೆಯ ಬಾವಿಯದ್ದರಲ್ಲಿ, ಗೆರೆ ಎದ್ದಿತು. ಮೂರು ಸಲ ನೋಡಿದೆ. ಅದೇ ದಿನ ಹೋಗಿ ಆ ಮನೆಯವರಿಗೆ ಹೇಳಿ ಬಂದೆ. ಪಟ್ಟಿಯಲ್ಲಿ ಅದರ ಕೆಳಗೆ ಇನ್ನೂ ಹನ್ನೊಂದು ಮನೆಗಳಿವೆ.