ಕಾಂಗ್ರೆಸ್ ಗಿಡ ಕಿತ್ತ ಭಾನುವಾರಗಳು

ತೊಂಬತ್ತರ ದಶಕದ ನಡುವಿನಲ್ಲಿ ನಾವು ಚಿಕ್ಕಬಾಣಾವರದಲ್ಲಿ ಬಾಡಿಗೆಗಿದ್ದೆವು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ಲೇತ್ ಕೆಲಸ. ಮನೆಯ ಹಿಂದಿನ ಖಾಲಿ ಬಯಲಿನ ತುಂಬ ಸೊಂಟದೆತ್ತರ ಕಾಂಗ್ರೆಸ್ ಗಿಡ. ಎರಡನೆಯ ವರ್ಷ ನನ್ನ ಕಣ್ಣಿನ ರೆಪ್ಪೆ, ಕತ್ತು, ಮೊಣಕೈಯ ಒಳಮಗ್ಗುಲು ಕೆಂಪಾಗಿ ಊದಿಕೊಂಡು, ಚರ್ಮ ಒಡೆದು ನೀರು ಸೋರತೊಡಗಿತು. ಡಾಕ್ಟರು ಮುಲಾಮು ಬರೆದುಕೊಟ್ಟು, ಆ ಗಿಡ ಇಲ್ಲದ ಕಡೆ ಮನೆ ಮಾಡಿ ಎಂದರು. ಅಂಥ ಜಾಗ ಎಲ್ಲಿದೆ ಎಂದು ಹೆಂಡತಿ ಕೇಳಿದಳು.

ಪಕ್ಕದ ಮನೆಯಲ್ಲಿ ಒಬ್ಬ ಬಸ್ ಕಂಡಕ್ಟರ್ ಇದ್ದರು. ನನ್ನ ಅವಸ್ಥೆ ನೋಡಿ ಬೀದಿಯವರನ್ನೆಲ್ಲ ಸೇರಿಸಿದರು. ಕೆಲವರು ಔಷಧಿ ಹೊಡೆಸೋಣ ಎಂದರು. ಆ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜಿ ಮಾತ್ರ ಒಪ್ಪಲಿಲ್ಲ; ಅವಳ ಮಾತು ಮನೆಯೊಳಗಿದ್ದ ನನಗೂ ಕೇಳಿಸಿತು.

“ಔಸದಿ ಒಡೀಬ್ಯಾಡಿ, ನಮ್ ಕುರಿ ಇಲ್ಲೇ ಮೇಯೋದು. ಮಳೆ ಬಿದ್ಮ್ಯಾಕೆ ಬೇರ್ ಸಮೇತ ಕಿತ್ತಾಕಿ, ತಂಗಡಿ ಬೀಜ ಚೆಲ್ಲಿ. ತಂಗಡಿ ದಟ್ಟವಾಗಿ ಎದ್ರೆ ಇದು ಏಳಾಕಿಲ್ಲ. ನಾನು ಚಿಕ್ಕೋಳಿದ್ದಾಗ ಇಲ್ಲೆಲ್ಲಾ ತಂಗಡಿನೇ ಇದ್ದಿದ್ದು.”

ಮೊದಲ ಮಳೆಯಾದ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಜನ ಬಯಲಿಗಿಳಿದರು. ಮೂಗಿಗೆ ಟವೆಲ್, ಕೈಗೆ ಪ್ಲಾಸ್ಟಿಕ್ ಕವರ್. ಹೂ ಬಿಡುವ ಮೊದಲೇ ಕೀಳಬೇಕಿತ್ತು. ನಾನೂ ಹೊರಟಾಗ ಕಂಡಕ್ಟರ್ ಬಾಗಿಲಲ್ಲೇ ತಡೆದರು.

“ನೀವು ಒಳಗಿರಿ ಸಾರ್. ನೀವೇ ಬಂದು ಮುಟ್ಟಿದ್ರೆ ನಾವು ಮಾಡ್ತಿರೋದೆಲ್ಲ ವೇಸ್ಟು.”

ನನಗೋಸ್ಕರ ಬೇರೆಯವರು ಬಗ್ಗಿ ದುಡಿಯುವುದನ್ನು ಕಿಟಕಿಯ ಗಾಜಿನ ಹಿಂದೆ ನಿಂತು ನೋಡುವುದಕ್ಕೆ ನಾಚಿಕೆಯಾಗುತ್ತಿತ್ತು. ದಾವಣಗೆರೆ ಕಡೆಯವನಾದ್ದರಿಂದ ಮಂಡಕ್ಕಿ ಒಗ್ಗರಣೆ ಮಾಡಿ ಹೆಂಡತಿಯ ಕೈಲಿ ಕಳಿಸುತ್ತಿದ್ದೆ. ಬಯಲಿನಾಚೆಯ ವಠಾರದಲ್ಲಿದ್ದ ಗದಗದ ಗಾರೆ ಕೆಲಸದವನು ತಿಂದು, ಖಾರ ಸಾಲದು ಎಂದು ಹೇಳಿ ಕಳಿಸಿದ. ಮುಂದಿನ ವಾರ ಮೆಣಸಿನಕಾಯಿ ಹೆಚ್ಚಿಗೆ ಹಾಕಿದೆ.

ಆ ವರ್ಷ ಕಿತ್ತಷ್ಟೂ ಮತ್ತೆ ಎದ್ದಿತು. ಅರ್ಧ ಜನ ಬೇಸತ್ತು ಬಿಟ್ಟರು. ಕಂಡಕ್ಟರ್, ಅಜ್ಜಿ, ಗಾರೆಯವನು ಬಿಡಲಿಲ್ಲ. ಮರುವರ್ಷದ ಮಳೆಗೆ, ಅವರು ಬೀಜ ಚೆಲ್ಲಿದ್ದ ಕಡೆ ಅಲ್ಲಲ್ಲಿ ತಂಗಡಿ ತಲೆಯೆತ್ತಿತು. ಕೀಳಲು ಶುರುಮಾಡಿದ ಮೂರನೆಯ ವರ್ಷ ತಂಗಡಿ ಹೂವಿನಿಂದ ಬಯಲು ಹಳದಿಯಾಯಿತು. ಕಾಂಗ್ರೆಸ್ ಗಿಡ ಅಂಚುಗಳಲ್ಲಷ್ಟೇ ಉಳಿದುಕೊಂಡಿತ್ತು.

ಅದೇ ವರ್ಷ ಒಂದು ಬೆಳಿಗ್ಗೆ ಗಡ್ಡ ಬೋಳಿಸಿಕೊಂಡೆ. ಉರಿಯಲಿಲ್ಲ. ಮತ್ತೊಮ್ಮೆ ಕೆನ್ನೆ, ಕತ್ತು ಸವರಿ ನೋಡಿದೆ. ಚರ್ಮ ಒಣಗಿ ನುಣ್ಣಗಾಗಿತ್ತು. ಹೆಂಡತಿ ಅಷ್ಟು ದಿನ ಮುಚ್ಚಿಯೇ ಇದ್ದ ಕಿಟಕಿಯ ಚಿಲಕ ತೆಗೆದಳು.

ಆವತ್ತು ಮೊದಲ ಬಾರಿಗೆ ಬಯಲಿಗೆ ಹೋದೆ. ಅಜ್ಜಿ ನನ್ನನ್ನು ಕಂಡೇ ಇರಲಿಲ್ಲವಲ್ಲ, ಯಾರಪ್ಪಾ ನೀನು ಎಂದು ಕೇಳಿದಳು. ನೀವೆಲ್ಲ ಗಿಡ ಕಿತ್ತಿದ್ದು ನನಗಾಗಿಯೇ ಎಂದೆ. ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

“ಕುಂತ್ಕೋ,” ಎಂದಳು. “ಗಾಳಿ ಚೆನ್ನಾಗೈತೆ.”

ಕುರಿಗಳ ನಡುವೆ ಮಧ್ಯಾಹ್ನದವರೆಗೆ ಅಲ್ಲೇ ಕೂತಿದ್ದೆ.